ದಸರಾ ರಜೆಗೆ ಮಂಗಳೂರು: ಪಣಂಬೂರಾ, ತಣ್ಣೀರುಬಾವಿಯಾ? ಮಕ್ಕಳನ್ನ ನೀರಿಗೆ ಇಳಿಸಬಹುದಾ?

ತುಮಕೂರು_ಮಂಜ
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಮಂಗಳೂರಿಗೆ ಹೊರಟಿದ್ದೀವಿ. ನಾನು, ನಮ್ಮನೆಯವರು, 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ನಮ್ಮಮ್ಮ (68 ವರ್ಷ, ಮಂಡಿ ನೋವು). ಅಷ್ಟಮಿ ದಿನ ರಾತ್ರಿ ರೈಲು ಹತ್ತಿ ನವಮಿ ಬೆಳಿಗ್ಗೆ ಇಳೀತೀವಿ, ಮಾರನೇ ದಿನ ರಾತ್ರಿ ವಾಪಸ್.

ಮಗಳು ಎರಡು ವರ್ಷದಿಂದ ಈಜು ಕ್ಲಾಸಿಗೆ ಹೋಗ್ತಿದಾಳೆ, ಕೊಳದಲ್ಲಿ 25 ಮೀಟರ್ ನಿಲ್ಲದೆ ಹೊಡೀತಾಳೆ. ಅವಳಿಗೆ ಸಮುದ್ರದಲ್ಲಿ ಈಜಲೇಬೇಕಂತೆ. ಕಾಲು ನೆನೆಸ್ಕೊಂಡು ಬಾ ಅಂದ್ರೆ ಮುಖ ಊದಿಸ್ಕೊಂಡು ಕೂರ್ತಾಳೆ. ಯಾವ ಬೀಚ್ ಒಳ್ಳೇದು? ಬೆಳಿಗ್ಗೆನಾ ಸಂಜೆನಾ? ಬಟ್ಟೆ ಬದಲಾಯಿಸೋಕೆ, ಸಿಹಿನೀರಲ್ಲಿ ಮೈ ತೊಳ್ಕೊಳೋಕೆ ವ್ಯವಸ್ಥೆ ಇದೆಯಾ? ಅಮ್ಮ ಕೂರೋಕೆ ನೆರಳು?

ಕುಡ್ಲ_ಬೊಳ್ಳಿ
ಪಣಂಬೂರು. ಮುಗೀತು. ಗೋಳಿಬಜೆ ತಿನ್ನದೆ ಹೋಗ್ಬೇಡಿ.

ಸುರತ್ಕಲ್_ಸುಮ
ಅಷ್ಟು ಸುಲಭಕ್ಕೆ ಮುಗಿಯುದಿಲ್ಲ ಬೊಳ್ಳಿ ಅವರೇ, ಅವರ ಜೊತೆ ಅಜ್ಜಿ ಇದ್ದಾರೆ, ಸಣ್ಣ ಮಗು ಉಂಟು.

ಮಂಜು ಅವರೇ, ಪಣಂಬೂರು ಪೇಟೆಯಿಂದ ಸುಮಾರು 10 ಕಿಲೋಮೀಟರ್, ಬಂದರಿನ ಪಕ್ಕಕ್ಕೇ. ಅಲ್ಲಿ ಜೀವರಕ್ಷಕರು, ಸ್ನಾನದ ಕೋಣೆ, ಅಂಗಡಿ, ಒಂಟೆ, ಜೆಟ್‌ಸ್ಕೀ, ಜನಜಾತ್ರೆ ಎಲ್ಲಾ ಉಂಟು. ದಸರಾ ರಜೆಯ ಸಂಜೆ ಹೋದರೆ ಸಮುದ್ರ ಕಾಣುದಕ್ಕಿಂತ ತಲೆ ಕಾಣುದೇ ಹೆಚ್ಚು. ತಣ್ಣೀರುಬಾವಿ ಅದರ ದಕ್ಷಿಣಕ್ಕೆ, ಒಂದು ಬದಿ ಗುರುಪುರ ಹೊಳೆ, ಇನ್ನೊಂದು ಬದಿ ಕಡಲು. ಗಾಳಿಮರದ ನೆರಳು ಉಂಟು, ಟ್ರೀ ಪಾರ್ಕ್ ಉಂಟು, ಅಮ್ಮನಿಗೆ ಅದೇ ಒಳ್ಳೇದು. ನಮ್ಮ ಸುರತ್ಕಲ್‌ನಲ್ಲಿ ದೀಪಸ್ತಂಭ, ಸದಾಶಿವ ದೇವಸ್ಥಾನ, ಬಂಡೆ. ಫೋಟೋಕ್ಕೆ ಚಂದ, ಈಜ್ಲಿಕ್ಕೆ ಬೇಡ. ನನ್ನ ಊರು, ಆದ್ರೂ ಹೇಳ್ತೇನೆ.

ಹುಬ್ಳಿ_ಮಂದಿ
ಅಣ್ಣಾರ, ಸೋಮೇಶ್ವರಕ್ಕ ಹೋಗ್ರಿ. ಭಾಳ ಚಂದ ಐತಿ, ಮಂದಿನೂ ಕಮ್ಮಿ. ನಾವು ಹೋದಾಗ ಇಡೀ ಬೀಚ್ ನಮ್ದ ಆಗಿತ್ತು. ಗುಡೀನೂ ಅಲ್ಲೇ ಐತಿ, ಅಮ್ಮಾರಿಗೆ ದರ್ಶನ ಆತು.

ಉಳ್ಳಾಲ_ಉಷಾ
ಮಂದಿ ಯಾಕೆ ಕಮ್ಮಿ ಅಂತ ಯೋಚ್ನೆ ಮಾಡಿದ್ರಾ? ಸೋಮೇಶ್ವರದ ರುದ್ರಶಿಲೆ ಸುತ್ತ ನೀರು ಎಲ್ಲಿ ಹೇಗೆ ತಿರುಗ್ತದೆ ಅಂತ ನಾವು ಊರಿನವರೂ ಹೇಳ್ಲಿಕ್ಕಾಗುದಿಲ್ಲ. ಪಾಚಿ ಹಿಡಿದ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗಿಯುವವರನ್ನು ನೋಡಿದ್ರೆ ಎದೆ ನಡುಗ್ತದೆ ನನಗೆ. ದೇವಸ್ಥಾನಕ್ಕೆ ಬನ್ನಿ, ಮೇಲಿನಿಂದ ಸೂರ್ಯಾಸ್ತ ನೋಡಿ, ನೀರಿಗೆ ಇಳಿಯುದು ಬೇಡ.

ಹುಬ್ಳಿ_ಮಂದಿ
ಅಕ್ಕಾರ ಸಿಟ್ಟಾಗಬ್ಯಾಡ್ರಿ, ನಾವು ಮಣಕಾಲ ಮಟ ಅಷ್ಟ ಇಳದಿದ್ವಿ.

ಉಳ್ಳಾಲ_ಉಷಾ
ಸಿಟ್ಟಲ್ಲ ಮಾರಾಯ್ರೆ. ಮೊಣಕಾಲು ನೀರಲ್ಲಿ ನಿಂತವರನ್ನೇ ಎಳ್ಕೊಂಡು ಹೋದದ್ದು ನೋಡಿದ್ದೇನೆ.

ಹ್ವಾಯ್_ಕುಂದಾಪ್ರ
ಹ್ವಾಯ್, ಇಲ್ಲ್ ಕಾಣಿ. ಮಂಗ್ಳೂರೇ ಎಂತಕ್? ಮರವಂತಿಗೆ ಬನ್ನಿ, ಒಂದ್ ಬದಿ ಹೊಳಿ, ಒಂದ್ ಬದಿ ಸಮುದ್ರ, ಮಧ್ಯ ರೋಡ್.

ಸುರತ್ಕಲ್_ಸುಮ
ಮರವಂತೆಯಲ್ಲಿ ಈಜುದಾ? ಕಲ್ಲು ಹಾಕಿದ ತಡೆಗೋಡೆ ದಾಟಿ? ನಿಮಗೆ ಪುಣ್ಯ ಬರ್ಲಿ.

ಹ್ವಾಯ್_ಕುಂದಾಪ್ರ
ಈಜುಕಲ್ಲ ಮಾರ್ರೆ, ಕಾಂಬುಕ್ ಅಂದದ್ದ್!

ಬೆಂಗ್ರೆ_ದೋಣಿ
ನಮ್ಮದು ದೋಣಿ ಮನೆ, ಸಣ್ಣವನಿದ್ದಾಗಿನಿಂದ ಕಡಲಲ್ಲೇ. ಎರಡು ಮಾತು ಹೇಳ್ತೇನೆ.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಆಗಸ್ಟಿಗೆ ನಾವು ಕಡಲಿಗೆ ಇಳಿತೇವೆ, ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡ್ತೇವೆ. ಅದನ್ನು ನೋಡಿ ಘಟ್ಟದ ಮೇಲಿನವರು ಕಡಲು ತಣ್ಣಗಾಯ್ತು ಅಂದ್ಕೊಳ್ತಾರೆ. ಆದರೆ ದೋಣಿಗೆ ತಣ್ಣಗಾದ ಕಡಲು ಮಕ್ಕಳ ಕಾಲಿಗೆ ತಣ್ಣಗಾಗಿರುದಿಲ್ಲ. ಮಳೆಗಾಲದಲ್ಲಿ ಅಲೆ ದಡದ ಮರಳನ್ನೆಲ್ಲ ಒಳಗೆ ಎಳೆದು ಗುಡ್ಡೆ ಹಾಕಿರ್ತದೆ. ಅದು ವಾಪಸ್ ಬಂದು ದಡ ಹದವಾಗ್ಲಿಕ್ಕೆ ನವೆಂಬರ್, ಡಿಸೆಂಬರ್ ಆಗ್ಬೇಕು. ದಸರಾ ಹೊತ್ತಿಗೆ ದಡ ಇನ್ನೂ ಕಡಿದು ನಿಂತ ಹಾಗೆ ಇರ್ತದೆ. ನಾಲ್ಕು ಹೆಜ್ಜೆಗೆ ಮೊಣಕಾಲು, ಐದನೆಯದಕ್ಕೆ ಎದೆ.

ಒಂದು ಒಳ್ಳೆ ಸಂಗತಿ, ನೀವು ಬರುದು ನವಮಿ, ದಶಮಿಗೆ. ಅಮಾವಾಸ್ಯೆ ಹುಣ್ಣಿಮೆಯ ಹಾಗೆ ನೀರು ಏರಿ ಇಳಿಯುದಿಲ್ಲ, ಆ ದಿನಗಳಲ್ಲಿ ಉಬ್ಬರ ಇಳಿತದ ಅಂತರ ಕಡಿಮೆ. ಆದ್ರೂ ಕೆಂಪು ಬಾವುಟ ಇದ್ರೆ ಇಳಿಬೇಡಿ.

ತುಮಕೂರು_ಮಂಜ
ಅಣ್ಣಾ, ಪಂಚಾಂಗ ನೋಡಿ ಸಮುದ್ರಕ್ಕೆ ಹೋಗೋದು ಇವತ್ತೇ ಗೊತ್ತಾಗಿದ್ದು 🙏 ಸಮುದ್ರದಲ್ಲಿ ಸುಳಿ ಇರುತ್ತೆ, ಒಳಗೆ ಎಳ್ಕೊಂಡು ಹೋಗುತ್ತೆ ಅಂತಾರಲ್ಲ, ಅದು ಎಲ್ಲಿರುತ್ತೆ ಅಂತ ನೋಡಿ ಗೊತ್ತಾಗುತ್ತಾ?

ಕುಡ್ಲ_ಬೊಳ್ಳಿ
ಸುಳಿ ಸಿಕ್ಕಿದ್ರೆ ಸೀದಾ ತಳಕ್ಕೆ ಎಳೀತದೆ. ಆಮೇಲೆ ಮಾತಿಲ್ಲ.

ಅಲೆ_ಹುಚ್ಚ
ಬೊಳ್ಳಿ ಅಣ್ಣ, ಇದೇ ತಪ್ಪು ಮಾಹಿತಿ. ಹೆದರಿಸಿ ಹೆದರಿಸಿಯೇ ಜನ ಗಾಬರಿಯಾಗಿ ಮುಳುಗುವುದು.

ನಾನು ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಕಲಿತವನು (2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲಿಯೇ). ನೀವು ಸುಳಿ ಅನ್ನುವುದು ಹೊಳೆಯ ಮಾತು. ಕಡಲ ದಡದಲ್ಲಿ ಇರುವುದು ಸೆಳೆತ. ಅಲೆ ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ? ಮರಳ ದಿಣ್ಣೆಗಳ ನಡುವೆ ಎಲ್ಲಿ ತಗ್ಗು ಉಂಟೋ ಅಲ್ಲಿಂದ ಸಣ್ಣ ಹೊಳೆಯ ಹಾಗೆ ಹೊರಗೆ ಓಡ್ತದೆ. ಅದು ಕೆಳಗೆ ಎಳೆಯುದಿಲ್ಲ, ಹೊರಗೆ ಒಯ್ತದೆ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಸಾಧಾರಣವಾಗಿ ಅದರ ಜೋರು ಇಳೀತದೆ. ಅದರ ಎದುರು ದಡದ ಕಡೆಗೇ ಈಜಿ ಸುಸ್ತಾಗಿಯೇ ಜನ ಸಾಯುವುದು. ತೇಲಿಕೊಂಡು ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ. ಈಜುವುದಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ. ಅಲೆ ಒಡೆಯುವ ಜಾಗ ಸಿಕ್ಕಿದ ಮೇಲೆ ಅಲೆಯ ಜೊತೆ ಒಳಗೆ ಬನ್ನಿ.

ಗುರುತು ಹಿಡಿಯುವುದು: ಎರಡು ಬದಿ ಬೆಳ್ಳಗೆ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಅಲೆಯೇ ಇಲ್ಲದೆ ಸಮತಟ್ಟು, ಸ್ವಲ್ಪ ಕಪ್ಪು ಅಥವಾ ಮಣ್ಣು ಬಣ್ಣ. ಹೊಸಬರು “ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೇದು” ಅಂತ ಸರಿಯಾಗಿ ಅಲ್ಲಿಗೇ ಇಳೀತಾರೆ.

ಬೆಂಗ್ರೆ_ದೋಣಿ
ಸರಿಯಾಗಿ ಹೇಳಿದ್ರಿ. ನಮ್ಮ ಅಪ್ಪ ಒಂದು ತೆಂಗಿನ ಸಿಪ್ಪೆ ಬಿಸಾಡಿ ನೋಡ್ತಿದ್ರು. ಸಿಪ್ಪೆ ವಾಪಸ್ ದಡಕ್ಕೆ ಬಂದ್ರೆ ಸರಿ. ಹೊರಗೆ ಹೋಯ್ತಾ, ಜಾಗ ಬದಲಿಸು.

ಕುಡ್ಲ_ಬೊಳ್ಳಿ
ಆಯ್ತು ಮಾರಾಯ್ರೆ, ಸೋತೆ. ಆದ್ರೆ ಅಳಿವೆಬಾಗಿಲ ಹತ್ತಿರ ಹೊಳೆಯೂ ಉಂಟು ಕಡಲೂ ಉಂಟು, ಅಲ್ಲಿ ಸುಳಿಯೂ ಉಂಟು. ಅದಕ್ಕೆ ಎಂತ ಹೇಳ್ತೀರಿ?

ಅಲೆ_ಹುಚ್ಚ
ಅಲ್ಲಿಗೆ ನಾನೂ ಇಳಿಯುದಿಲ್ಲ. ನೇತ್ರಾವತಿ, ಗುರುಪುರ ಎರಡೂ ಬಂದು ಸೇರುವ ಜಾಗ ಅದು. ಇಳಿತದ ಹೊತ್ತಿಗೆ ಹೊಳೆ ನೀರೆಲ್ಲ ಅಲ್ಲಿಂದಲೇ ಹೊರಗೆ ಹೋಗುದು.

ಮಲೆನಾಡ_ಗಿರಿ
ನಾನು 19ರ ವಯಸ್ಸಲ್ಲಿ ಇಂಥ ಸೆಳೆತಕ್ಕೆ ಸಿಕ್ಕವನು. ಯಾವ ಬೀಚು ಅಂತ ಹೇಳೋಲ್ಲ, ಕಾಲೇಜು ಟ್ರಿಪ್ಪು.

ನಮ್ಮೂರ ತುಂಗೆಯಲ್ಲಿ ದಡದಿಂದ ದಡಕ್ಕೆ ಈಜುತ್ತಿದ್ದವನು, ಭಾರೀ ಪೊಗರು. ಸೊಂಟದವರೆಗೆ ನೀರಿತ್ತು. ಒಂದು ಅಲೆ ವಾಪಸ್ ಹೋಗುವಾಗ ಪಾದದ ಕೆಳಗಿನ ಮರಳು ಯಾರೋ ಚಾಪೆ ಎಳೆದ ಹಾಗೆ ಜಾರಿತು. ಕಾಲಿಟ್ಟರೆ ನೆಲ ಇಲ್ಲ. ತಿರುಗಿ ನೋಡಿದರೆ ದಡದಲ್ಲಿ ಸ್ನೇಹಿತರು ನನ್ನ ಕಡೆ ಕೈ ಬೀಸುತ್ತಿದ್ದಾರೆ, ನಗುತ್ತಿದ್ದಾರೆ! ನಾನು ಆಟ ಆಡ್ತಿದೀನಿ ಅಂದ್ಕೊಂಡಿದ್ರು. ಕೂಗೋಣ ಅಂದರೆ ಬಾಯಿ ತೆರೆದಾಗಲೆಲ್ಲ ಉಪ್ಪುನೀರು. ದಡಕ್ಕೆ ಮುಖ ಮಾಡಿ ಕೈ ಹೊಡೆದೆ, ಹೊಡೆದೆ, ದಡದ ತೆಂಗಿನ ಮರಗಳು ಚಿಕ್ಕದಾಗ್ತಾ ಹೋದವೇ ಹೊರತು ದೊಡ್ಡದಾಗಲಿಲ್ಲ.

ಪಕ್ಕದಲ್ಲಿ ಕೈರಂಪಣಿ ಬಲೆ ಎಳೆಯುವವರಿದ್ದರು. ಅವರಲ್ಲೊಬ್ಬ ವಯಸ್ಸಾದವರು ಕಂಡು ಚಿಕ್ಕ ದೋಣಿ ತಂದರು. ಎತ್ತಿ ಹಾಕಿಕೊಂಡ ಮೇಲೆ ಒಂದು ಮಾತು ಬೈಯಲಿಲ್ಲ, ಬೀಡಿ ಹಚ್ಚಿಕೊಂಡು “ಊಟ ಆಯ್ತಾ?” ಅಂದರು. ಅದಕ್ಕೇ ಜಾಸ್ತಿ ಅಳು ಬಂತು. ಮಂಜಣ್ಣ, ನಿಮ್ಮ ಮಗಳ 25 ಮೀಟರ್ ಬಗ್ಗೆ ಹೆಮ್ಮೆ ಪಡಿ. ಆದರೆ ಕೊಳದ ನೀರು ಯಾರನ್ನೂ ಎಲ್ಲಿಗೂ ಕರ್ಕೊಂಡು ಹೋಗಲ್ಲ.

ತುಮಕೂರು_ಮಂಜ
ಓದಿ ಮೈ ಜುಮ್ ಅಂತು ಗಿರಿ ಅವರೇ. ನಮ್ಮನೆಯವರಿಗೂ ಓದಿ ಹೇಳಿದೆ. ಈಗ ಅವರು ಟ್ರಿಪ್ಪೇ ಬೇಡ, ಸಿದ್ಧಗಂಗೆಗೆ ಹೋಗಿ ಬರೋಣ ಅಂತಿದಾರೆ 😅

ಸಿಡ್ನಿ_ಕನ್ನಡತಿ
ಅಯ್ಯೋ ಹಾಗಂತ ಬಿಡಬೇಡಿ! ನಾವಿರುವ ಊರಲ್ಲಿ ಬಾಂಡೈ ಅಂತ ಬೀಚಿದೆ, ಪೇಟೆಯಿಂದ ಏಳು ಕಿಲೋಮೀಟರ್ ಅಷ್ಟೆ. ಅಲ್ಲೂ ಸೆಳೆತ ಇದೆ, ಅಲ್ಲೂ ಪ್ರವಾಸಿಗಳು ಸಿಕ್ಕಿಹಾಕಿಕೊಳ್ಳುತ್ತಾರೆ. ಅರ್ಧ ಕೆಂಪು ಅರ್ಧ ಹಳದಿಯ ಎರಡು ಬಾವುಟ ನೆಟ್ಟಿರುತ್ತಾರೆ, ಅವುಗಳ ನಡುವೆ ಮಾತ್ರ ಈಜಬೇಕು ಅಂತ ಶಾಲೆಯಿಂದಲೇ ಮಕ್ಕಳ ತಲೆಗೆ ತುಂಬುತ್ತಾರೆ. ನನ್ನ ಮಗನಿಗೆ ಅಆಇಈಗಿಂತ ಮೊದಲು ಅದು ಬಂತು.

ಕುಡ್ಲ_ಬೊಳ್ಳಿ
ನಮ್ಮಲ್ಲಿ ಬಾವುಟ ನೆಟ್ರೆ ಅದನ್ನು ಹಿಡ್ಕೊಂಡು ಫೋಟೋ ತೆಗಿತಾರೆ.

ಸಿಡ್ನಿ_ಕನ್ನಡತಿ
ಇಲ್ಲೂ ತೆಗೀತಾರೆ, ಚಿಂತೆ ಬೇಡ.

ಡಾಕ್ಟ್ರಮ್ಮ_ಉಡುಪಿ
ತಾಯಂದಿರಿಗೆ ಒಂದೆರಡು ಮಾತು. ಮುಳುಗುವ ಮಗು ಸಿನೆಮಾದಲ್ಲಿ ತೋರಿಸುವ ಹಾಗೆ ಕೂಗಿ ಕೈ ಬಡಿಯುವುದಿಲ್ಲ. ಸದ್ದೇ ಇರುವುದಿಲ್ಲ. ಆರು ವರ್ಷದವನು ನೀರಿನ ಹತ್ತಿರ ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು, ಫೋನ್ ಚೀಲದಲ್ಲಿ ಇರಬೇಕು. “ನೀವು ನೋಡ್ಕೊಳ್ತೀರಿ ಅಂದ್ಕೊಂಡೆ” ಎಂಬ ಮಾತನ್ನು ಅಪ್ಪ ಅಮ್ಮ ಒಬ್ಬರಿಗೊಬ್ಬರು ಹೇಳುವುದನ್ನು ನಾನು ಆಸ್ಪತ್ರೆಯಲ್ಲಿ ಕೇಳಿದ್ದೇನೆ. ಪಾಳಿ ಹಾಕಿಕೊಳ್ಳಿ.

ಗಾಳಿ ತುಂಬುವ ಟ್ಯೂಬ್ ತರಬೇಡಿ. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಟ್ಯೂಬ್ ಹೊರಗೆ ತೇಲುತ್ತದೆ, ಹಿಡಿಯಲು ಅಪ್ಪ ಹಿಂದೆ ಹೋಗುತ್ತಾರೆ. ಮುಂದಿನದು ಬೇಡ. ನೀರಿಗೆ ಬಿದ್ದ ಮಗು ಮೇಲೆ ಬಂದ ನಂತರ ಕೆಮ್ಮು ನಿಲ್ಲದಿದ್ದರೆ, ಉಸಿರಾಟ ಜೋರಾದರೆ, ಮಂಕಾಗಿ ಮಲಗಿದರೆ ಹೋಟೆಲ್ ಕೋಣೆಗಲ್ಲ, ಸೀದಾ ಆಸ್ಪತ್ರೆಗೆ. ತುರ್ತಿಗೆ 112.

ಅಲೆ_ಹುಚ್ಚ
ತೊರಕೆ ಮೀನಿನ ಬಗ್ಗೆಯೂ ಹೇಳಿ ಡಾಕ್ಟ್ರೇ.

ಡಾಕ್ಟ್ರಮ್ಮ_ಉಡುಪಿ
ಹೌದು. ಮರಳಲ್ಲಿ ಹುದುಗಿ ಮಲಗಿರುತ್ತದೆ, ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ. ಕಾಲು ಎತ್ತಿಡದೆ ಉಜ್ಜಿಕೊಂಡು ನಡೆದರೆ ಅದೇ ಸರಿದು ಹೋಗುತ್ತದೆ. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟು ಕೂರಿಸಿ, ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆ, ಮುಳ್ಳಿನ ಚೂರು ಒಳಗೆ ಉಳಿದಿರಬಹುದು.

ಕುಡ್ಲ_ಬೊಳ್ಳಿ
ತೊರಕೆ ಪುಳಿಮುಂಚಿ ಮಾಡಿದ್ರೆ ಹೇಗಿರ್ತದೆ ಗೊತ್ತುಂಟಾ… ಸಾರಿ, ವಿಷಯ ತಪ್ಪಿತು.

ಮೈಸೂರು_ಪಾಕ
ವಿಷಯ ತಪ್ಪಿದ್ದೇ ಒಳ್ಳೇದಾಯ್ತು, ನನ್ನದೊಂದು. ಮೊದಲ ಸಲ ಪಣಂಬೂರಿಗೆ ಹೋದಾಗ ಅಂಗಡಿಯವರು “ಬೊಂಡ ಬೇಕಾ ಸರ್?” ಅಂದ್ರು. ಕೊಡಿ ಎರಡು ಪ್ಲೇಟು, ಚಟ್ನಿ ಜಾಸ್ತಿ ಹಾಕಿ ಅಂದೆ. ಅವರು ಕತ್ತಿ ಹಿಡ್ಕೊಂಡು ನನ್ನ ಮುಖಾನೇ ನೋಡ್ತಾ ನಿಂತ್ರು. ಕಡೆಗೆ ಎಳನೀರು ಕೆತ್ತಿ ಕೊಟ್ರು.

ಸುರತ್ಕಲ್_ಸುಮ
😂😂 ಚಟ್ನಿಗೆ ಗಂಜಿ ಆಗ್ಬಹುದಿತ್ತಲ್ಲ, ಎಳೆ ಗಂಜಿ.

ಹುಬ್ಳಿ_ಮಂದಿ
ಗಡ್‌ಬಡ್ ಐಸ್‌ಕ್ರೀಮ್ ತಿನ್ನಾಕ ಎಲ್ಲಿ ಹೋಗಬೇಕ್ರಿ? ಅದು ಮಂಗಳೂರಿಂದ ಅಲ್ಲೇನ್ರಿ?

ಹ್ವಾಯ್_ಕುಂದಾಪ್ರ
ಉಡುಪಿದ್.

ಕುಡ್ಲ_ಬೊಳ್ಳಿ
ಶುರು ಆಯ್ತು.

ಸುರತ್ಕಲ್_ಸುಮ
ಗಡ್‌ಬಡ್ ಜಗಳಕ್ಕೆ ಬೇರೆ ಚರ್ಚೆ ತೆಗೀರಿ. ಮಂಜು ಅವರ ರೈಲು ಬಂದಾಯ್ತು ಅಂತ ಇಟ್ಕೊಳ್ಳಿ. ನವಮಿ ಬೆಳಗ್ಗೆ ರೂಮಿಗೆ ಸಾಮಾನು ಹಾಕಿ ಆರೂಮುಕ್ಕಾಲು, ಏಳರೊಳಗೆ ಪಣಂಬೂರಲ್ಲಿ ಇರಿ. ಪಶ್ಚಿಮದ ಕಡಲು, ಸೂರ್ಯ ನಿಮ್ಮ ಬೆನ್ನಿಗೆ, ಮಕ್ಕಳ ಮುಖ ಸರಿ ಕಾಣ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಅಲೆ ಒರಟಾಗ್ತದೆ. ಮೊದಲು ಜೀವರಕ್ಷಕರು ಬಂದಿದ್ದಾರಾ ನೋಡಿ. ಅವರು ಬರದೆ ಒಂದು ಕಾಲೂ ಬೇಡ. ಬಂದ ಮೇಲೆ “ಇವತ್ತು ಎಲ್ಲಿ ಇಳೀಬಹುದು?” ಅಂತ ಬಾಯಿಬಿಟ್ಟು ಕೇಳಿ, ಖುಷಿಯಲ್ಲಿ ತೋರಿಸ್ತಾರೆ. ಒಂಬತ್ತೂವರೆಗೆ ಎದ್ದು ಸ್ನಾನ ಮಾಡಿ ನೀರುದೋಸೆ ತಿನ್ಲಿಕ್ಕೆ ಹೊರಡಿ.

ಸಂಜೆ ಅಮ್ಮನನ್ನು ಕರ್ಕೊಂಡು ಸುಲ್ತಾನ್ ಬತ್ತೇರಿಗೆ ಹೋಗಿ, 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಉಂಟು. ಅಲ್ಲಿಂದ ಫೆರಿಯಲ್ಲಿ ಹೊಳೆ ದಾಟಿದ್ರೆ ತಣ್ಣೀರುಬಾವಿ.

ಬಜಪೆ_ಭಟ್ರು
ಅಮ್ಮನಿಗೆ ಮಂಡಿ ನೋವು ಅಂತ ಓದಿದ್ರಾ ಇಲ್ವಾ ಸುಮಕ್ಕ? ಫೆರಿ ಹತ್ತಿ ಇಳಿಯುದು, ಆಮೇಲೆ ನಡಿಯುದು, ಮರಳಲ್ಲಿ ನಡಿಯುದು. ಸೀದಾ ರಿಕ್ಷಾ ಮಾಡಿ ಪಣಂಬೂರು ದಾರಿಯಲ್ಲಿ ತಣ್ಣೀರುಬಾವಿಗೆ ಹೋಗಿ. ಮಡಚುವ ಕುರ್ಚಿ ಒಂದು ಇರ್ಲಿ. ನನ್ನ ಅಮ್ಮನನ್ನು ಮರಳಲ್ಲಿ ಕೂರಿಸಿ ಎಬ್ಬಿಸ್ಲಿಕ್ಕೆ ಮೂರು ಜನ ಬೇಕಾಯ್ತು, ಈಗಲೂ ಬೈತಾರೆ.

ಸುರತ್ಕಲ್_ಸುಮ
ಒಪ್ಪಿದೆ ಭಟ್ರೇ. ಫೆರಿ ಮಕ್ಕಳ ಆಸೆಗೆ ಹೇಳಿದ್ದು. ಅಪ್ಪ ಮಕ್ಕಳು ದೋಣಿಯಲ್ಲಿ, ಅತ್ತೆ ಸೊಸೆ ರಿಕ್ಷಾದಲ್ಲಿ. ಕೊನೆ ಫೆರಿ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿ. ಸೂರ್ಯ ಆರು ಗಂಟೆ ಆಸುಪಾಸಿಗೆ ಮುಳುಗ್ತಾನೆ.

ಸ್ಟೇಟ್‌ಬ್ಯಾಂಕ್_ಬಸ್
ಬೆಳಗ್ಗೆ ಬಸ್ಸಿಗೂ ಹೋಗ್ಬಹುದು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಸುರತ್ಕಲ್ ಕಡೆ ಹೋಗುವ ಸಿಟಿ ಬಸ್ ಹತ್ತಿ ಪಣಂಬೂರಲ್ಲಿ ಇಳೀರಿ. ಹೈವೇಯಿಂದ ಬೀಚಿಗೆ ಸುಮಾರು ನಡಿಗೆ ಉಂಟು, ಅಜ್ಜಿ ಇದ್ರೆ ರಿಕ್ಷಾವೇ. ದಶಮಿ ರಾತ್ರಿ ಕುದ್ರೋಳಿ ದೇವಸ್ಥಾನದ ದಸರಾ ಮೆರವಣಿಗೆ, ಪೇಟೆಯಲ್ಲಿ ವಾಹನ ಹಂದಾಡುದಿಲ್ಲ. ರೈಲಿಗೆ ಎರಡು ಗಂಟೆ ಮೊದಲೇ ಹೊರಡಿ. ಹುಲಿವೇಷ ದಾರಿಯಲ್ಲೇ ಸಿಗ್ತದೆ, ಪುಕ್ಕಟೆ.

ಮುಂಬಯಿ_ಶೆಟ್ಟಿ
ಬಟ್ಟೆ ವಿಷಯ ಯಾರೂ ಹೇಳ್ಲಿಲ್ಲ. ಹೆಂಗಸರು ದುಪಟ್ಟಾ, ಸೀರೆಯಲ್ಲಿ ನೀರಿಗೆ ಇಳೀಬೇಡಿ. ನೆನೆದು ಕಾಲಿಗೆ ಸುತ್ತಿದ್ರೆ ಈಜು ಬಂದವರೂ ಬೀಳ್ತಾರೆ. ಮಕ್ಕಳಿಗೆ ಗಾಢ ಬಣ್ಣದ ಬಟ್ಟೆ ಹಾಕಿ, ಕಿತ್ತಳೆಯೋ ಕೆಂಪೋ. ನೀಲಿ ಬಟ್ಟೆಯ ಮಗು ನೀರಲ್ಲಿ ಕಾಣುದೇ ಇಲ್ಲ. ಕಾಲಿಗೆ ಡಾಂಬರಿನ ಉಂಡೆ ಅಂಟಿದ್ರೆ ಸಾಬೂನಲ್ಲಿ ಉಜ್ಜಿ ಸಾಯ್ಬೇಡಿ, ತೆಂಗಿನೆಣ್ಣೆ ಹಚ್ಚಿ ಒರೆಸಿ.

ತುಮಕೂರು_ಮಂಜ
ಎಲ್ಲರಿಗೂ ಥ್ಯಾಂಕ್ಸ್. ಟ್ಯೂಬ್ ಖರೀದಿ ಮಾಡಿದ್ದೆ, ವಾಪಸ್ ಕೊಟ್ಟೆ. ಮಗಳಿಗೆ ನೀಲಿ ಈಜುಡುಗೆಯೇ ಇರೋದು, ಮೇಲೆ ಕಿತ್ತಳೆ ಟೀಶರ್ಟ್ ಹಾಕ್ತೀವಿ. ಅವಳು ಗಿರಿ ಅವರ ಕಥೆ ಮೂರು ಸಲ ಓದಿದಳು, ಏನೂ ಮಾತಾಡಲಿಲ್ಲ.

ತುಮಕೂರು_ಮಂಜ (ಎಂಟು ದಿನದ ನಂತರ)
ಹೋಗಿ ಬಂದ್ವಿ. ನವಮಿ ಬೆಳಿಗ್ಗೆ ಏಳಕ್ಕೆ ಪಣಂಬೂರು ತಲುಪಿದ್ರೆ ಕೆಂಪು ಬಾವುಟ. ಮಗಳ ಮುಖ ನೋಡೋ ಹಾಗಿರಲಿಲ್ಲ. ಜೀವರಕ್ಷಕರನ್ನ ಕೇಳಿದೆ, ಇವತ್ತು ಪಾದ ನೆನೆಸಿ ಸಾಕು, ನಾಳೆ ನೋಡುವ ಅಂದ್ರು. ಬೇಲಿ ಹಾಕಿದ ಹಾಗೆ ನಿಂತು ನೋಡಿದ್ವಿ. ಅಲೆ_ಹುಚ್ಚ ಹೇಳಿದ ಪಟ್ಟಿ ನಿಜವಾಗ್ಲೂ ಕಂಡಿತು ಕಣ್ರೀ! ಎರಡು ಕಡೆ ನೊರೆ, ಮಧ್ಯ ಸಮತಟ್ಟು, ಸರಿಯಾಗಿ ಅದರ ಎದುರಿಗೆ ಒಂದು ಸಂಸಾರ ಚಪ್ಪಲಿ ಬಿಡ್ತಾ ಇತ್ತು. ನಾನು ಬಾಯಿ ತೆಗೆಯೋ ಮೊದಲೇ ಮಗಳು ಓಡಿಹೋಗಿ “ಅಂಕಲ್ ಅಲ್ಲಿ ಬೇಡ” ಅಂದಳು. ಅವರು ನಂಬಲಿಲ್ಲ, ಸೀಟಿ ಊದಿದ ಮೇಲೆ ಸರಿದರು.

ದಶಮಿ ಬೆಳಿಗ್ಗೆ ಕೆಂಪು ಬಾವುಟ ಇರಲಿಲ್ಲ. ಅವರು ತೋರಿಸಿದ ಜಾಗದಲ್ಲಿ, ಸೊಂಟದ ನೀರಲ್ಲಿ, ನನ್ನ ಕೈಯಳತೆಯಲ್ಲಿ ಮಗಳು ಒಂದು ಹತ್ತು ಸಲ ಕೈ ಹೊಡೆದಳು. ಈಜಿದ್ದು ಅಷ್ಟೇ. ಉಳಿದ ಎರಡು ಗಂಟೆ ಅಲೆಗೆ ಬೆನ್ನು ಕೊಟ್ಟು ಬೀಳೋದು, ಏಳೋದು. ಮಗ ಮರಳಲ್ಲಿ ಗುಂಡಿ ತೋಡಿದ. ಅಮ್ಮ ಭಟ್ರ ಕುರ್ಚಿಯಲ್ಲಿ ಕೂತು ಮೂರು ಬೊಂಡ ಕುಡಿದ್ರು, ಚಟ್ನಿ ಕೇಳಲಿಲ್ಲ.

ಬೆಂಗ್ರೆ_ದೋಣಿ
ಒಳ್ಳೇದಾಯ್ತು. ಸಿಪ್ಪೆ ಬಿಸಾಡಿ ನೋಡಿದ್ರಾ?

ತುಮಕೂರು_ಮಂಜ
ಮಗ ಅಮ್ಮ ಕುಡಿದಿಟ್ಟ ಬೊಂಡದ ಬುರುಡೇನೇ ಎಸೆದ. ಅದು ಎತ್ತ ಹೋಗುತ್ತೆ ಅಂತ ನೋಡ್ತಿದ್ವಿ, ಜೀವರಕ್ಷಕರು ಸೀಟಿ ಊದಿ ಬೀಚಲ್ಲಿ ಕಸ ಹಾಕ್ತೀರಾ ಅಂತ ಬೈದ್ರು. ದಡಕ್ಕೇ ವಾಪಸ್ ಬಂತು, ಆದರೆ ತಣ್ಣೀರುಬಾವಿ ಕಡೆ ಸುಮಾರು ದೂರ ಜಾರಿ. ನಾನೇ ಓಡಿಹೋಗಿ ಎತ್ಕೊಂಡು ಬಂದು ಕಸದ ಡಬ್ಬಿಗೆ ಹಾಕಿದೆ.